ಚೆಕ್‌ರೋಲಿನ ಹಕ್ಕಿಗಳು

13 ಅಕ್ಟೋಬರ್ 2024, ಭಾನುವಾರ. ಜಾಗರ ಕಣಿವೆ, ಚಿಕ್ಕಮಗಳೂರು.
ಚಿತ್ತೆ ಮಳೆಯ ನಾಲ್ಕನೇ ದಿನ. ಬೆಳಗ್ಗೆ ಮಂಜು, ಮಧ್ಯಾಹ್ನ ಸುಡುಬಿಸಿಲು, ಸಂಜೆಗೆ ಗುಡುಗು.

ಬೆಳಗ್ಗೆ ಆರೂಕಾಲಿಗೆ ಹಜಾರದ ಕಿಟಕಿ ಗಾಜಿಗೆ ಏನೋ ಬಡಿಯಿತು. ಹೆಂಚಿನ ಮೇಲೆ ಸೀಬೆಕಾಯಿ ಬಿದ್ದಷ್ಟೇ ಸದ್ದು. ಇವಳು ಒಲೆ ಮುಂದಿನಿಂದ ಏಳದೆ, "ಹೋಗಿ ನೋಡಿ, ನಿಮ್ಮ ನೆಂಟ್ರು ಬಂದ್ರು ಅನ್ಸುತ್ತೆ" ಅಂದಳು. ಹೋಗಿ ನೋಡಿದರೆ ಅವನೇ. ನವರಂಗ ಹಕ್ಕಿ. ಜಗುಲಿ ಮೂಲೆಯಲ್ಲಿ, ಒದ್ದೆ ಗಂಬೂಟುಗಳ ಪಕ್ಕ ರೆಕ್ಕೆ ಇಳಿಬಿಟ್ಟು ಕೂತಿದ್ದ.

ಕೈಗೆತ್ತಿಕೊಂಡರೆ ತೂಕವೇ ಇಲ್ಲ. ಐವತ್ತು ಅರವತ್ತು ಗ್ರಾಂ ಇದ್ದೀತು, ಒಂದು ಹಿಡಿ ಕಾಫಿ ಹಣ್ಣಿನಷ್ಟು. ಎದೆ ಮಾತ್ರ ಅಂಗೈಗೆ ಗುದ್ದುತ್ತಿತ್ತು. ಮಾಸಲು ಕಂದು ನೆತ್ತಿಯ ನಡುವೆ ಬೈತಲೆ ತೆಗೆದ ಹಾಗೆ ಒಂದು ಕಪ್ಪು ಗೆರೆ. ಕಣ್ಣಿನ ಸುತ್ತ ಧಾರಾಳವಾಗಿ ಬಳಿದ ಕಾಡಿಗೆ, ಅದರ ಮೇಲೆ ಬಿಳಿ ಹುಬ್ಬು. ಬೆನ್ನು ಹಸಿರು, ಭುಜದ ಮೇಲೆ ಮಿರುಗುವ ನೀಲಿ, ಬಾಲದ ಬುಡದ ಕೆಳಗೆ ಅಪ್ಪಟ ಕುಂಕುಮ. ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಮೋಟು. ದೇವರು ಬಣ್ಣಕ್ಕೆಲ್ಲ ಕೈಬಿಚ್ಚಿ ಖರ್ಚು ಮಾಡಿ, ಬಾಲಕ್ಕೆ ಬರುವಾಗ ಲೆಕ್ಕ ಹಾಕಿದಂತಿದೆ.

ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಕ್ಕೆ ಹಳೇ ಟವೆಲು ಹಾಸಿ, ಅದರೊಳಗೆ ಬಿಟ್ಟು, ಮುಚ್ಚಳಕ್ಕೆ ನಾಲ್ಕು ತೂತು ಹೊಡೆದು ಉಗ್ರಾಣದಲ್ಲಿಟ್ಟೆ. ನೀರು ಕುಡಿಸಲಿಲ್ಲ. ಬಹಳ ವರ್ಷದ ಹಿಂದೆ ಮೊದಲ ಸಲ ಹೀಗೊಂದು ಬಿದ್ದಾಗ ಕೊಕ್ಕು ಬಿಡಿಸಿ ಚಮಚದಲ್ಲಿ ನೀರು ಬಿಟ್ಟಿದ್ದೆ. ಅದು ಉಸಿರುನಾಳಕ್ಕೆ ಇಳಿದು ಹಕ್ಕಿ ನನ್ನ ಕೈಯಲ್ಲೇ ಸತ್ತಿತು. ಕತ್ತಲೆ, ಬೆಚ್ಚಗಿನ ಜಾಗ, ಒಂದು ಗಂಟೆ ಯಾರೂ ಇಣುಕದೆ ಇರುವುದು. ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ.

ಆ ಒಂದು ಗಂಟೆ ಕಳೆಯಲು ಚೆಕ್‌ರೋಲು ತೆಗೆದು ಕೂತೆ. ತೋಟದ ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ: ಕೆಲಸದವರ ಹಾಜರಿ ಪುಸ್ತಕಕ್ಕೆ ಇಲ್ಲಿ ಚೆಕ್‌ರೋಲು ಅನ್ನುತ್ತೇವೆ. ಅಪ್ಪನ ಕಾಲದ್ದು ಒಂದು ಖಾಲಿ ಉಳಿದಿತ್ತು. ಹೆಸರಿನ ಕಾಲಮ್ಮಿನಲ್ಲಿ ಹಕ್ಕಿಗಳನ್ನು ಬರೆದು 2011ರಿಂದ ಹಾಜರಿ ಹಾಕುತ್ತಿದ್ದೇನೆ. ಕಂಡೂ ಕೂಗದಿದ್ದರೆ, ಕೂಗಿಯೂ ಕಾಣದಿದ್ದರೆ ಅರ್ಧ ದಿನ. ಎರಡೂ ಆದರೆ ಪೂರ್ತಿ ದಿನ. ಏನೂ ಇಲ್ಲದಿದ್ದರೆ ಕತ್ತರಿ ಗುರುತು. ಮಗಳು ಫೋನಿನಲ್ಲಿ ಕಂಡ ಹಕ್ಕಿಗಳ ಲೆಕ್ಕ ಬರೆಯುವ ಇ-ಬರ್ಡ್ ಆ್ಯಪ್ ಹಾಕಿಕೊಟ್ಟಿದ್ದಾಳೆ, ಫೆಬ್ರವರಿಯ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆಗೆ ಅದರಲ್ಲೂ ತುಂಬುತ್ತೇನೆ. ಆದರೆ ಇಲ್ಲಿ ನೆಟ್‌ವರ್ಕು ಹಕ್ಕಿಗಿಂತ ಅಪರೂಪ.

ನವರಂಗನ ಸಾಲು ನೋಡಿದರೆ ಈ ಹದಿಮೂರು ವರ್ಷದಲ್ಲಿ ಹಸ್ತ ಮಳೆ ಅಥವಾ ಚಿತ್ತೆ ಮಳೆ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ದಸರಾ ಎಂದು ಬರುತ್ತದೆ ಅಂತ ನಾವು ಕ್ಯಾಲೆಂಡರು ನೋಡಬೇಕು, ಇವನಿಗೆ ಅದೂ ಬೇಡ. ಇವು ಮರಿ ಮಾಡುವುದು ಹಿಮಾಲಯದ ತಪ್ಪಲಿನಲ್ಲಿ, ಮಧ್ಯಭಾರತದ ಕಾಡುಗಳಲ್ಲಿ. ಡೆಹ್ರಾಡೂನ್ ಕಡೆಯಿಂದ ಹೊರಟವನಾದರೆ ನೇರ ಗೆರೆ ಎಳೆದರೂ 1,800 ಕಿ.ಮೀ. ಮೀರುತ್ತದೆ. ಹಾರುವುದು ರಾತ್ರಿ. ಅಷ್ಟೆಲ್ಲ ದಾಟಿ ಬಂದು ನಮ್ಮ ಹಜಾರದ ಗಾಜಿಗೆ ಬಡಿಯುವುದೆಂದರೆ! ಗಾಜು ಹಾಕಿಸಿದ್ದು ನಾನೇ, ಮನೆ ರಿಪೇರಿ ಮಾಡಿಸಿದ ವರ್ಷ. ಮರದ ಬಾಗಿಲಿದ್ದಾಗ ಯಾವ ಹಕ್ಕಿಯೂ ಬಿದ್ದ ನೆನಪಿಲ್ಲ. ಹೊರಗಿನಿಂದ ಹಳೇ ಮೀನುಬಲೆ ಇಳಿಬಿಡಬೇಕು ಅಂತ ಹೋದ ವರ್ಷವೂ ಅಂದುಕೊಂಡಿದ್ದೆ.

ಅಂದಹಾಗೆ ಬೈನಾಕ್ಯುಲರ್ ಇವತ್ತು ಉಪಯೋಗಕ್ಕಿರಲಿಲ್ಲ. ಶುಕ್ರವಾರದ ಆಯುಧಪೂಜೆಗೆ ಪಲ್ಪರು, ಸ್ಪ್ರೇಯರು, ಮಚ್ಚುಗಳ ಜೊತೆ ಅದನ್ನೂ ಇಟ್ಟಿದ್ದೆ. ಇವಳು ಭಕ್ತಿಯಿಂದ ಎರಡೂ ಗಾಜಿಗೆ ಅರಿಸಿನ ಕುಂಕುಮ ಹಚ್ಚಿದ್ದಾಳೆ.

ಋತು ಅಂದರೆ ನಮ್ಮಲ್ಲಿ ಮಳೆ ನಕ್ಷತ್ರ. ಹುಬ್ಬೆ ಮಳೆ ಹೊಡೆಯುತ್ತಿರುವಾಗಲೇ ಕಾಫಿ ಕಣದ ಮೇಲೆ ಬೂದು ಸಿಪಿಲೆ ಬಾಲ ಕುಣಿಸುತ್ತ ಓಡಾಡಿದರೆ ಮಳೆಗಾಲದ ಬೆನ್ನು ಮುರಿಯಿತು ಅಂತ ಅವ್ವ ಹೇಳುತ್ತಿದ್ದಳು. ಚಳಿಗಾಲದ ವಲಸೆಗಾರರಲ್ಲಿ ಮೊದಲು ಹಾಜರಾಗುವವಳು ಈ ಸಿಪಿಲೆಯೇ. ಹಿಂದೆಯೇ ಉಲಿಯಕ್ಕಿಗಳು. ಹೆಬ್ಬೆರಳಿನ ಗಾತ್ರ, ಎಲ್ಲವೂ ಒಂದೇ ಮಾಸಲು ಹಸಿರು, ಎಲೆ ಮರೆಯಲ್ಲಿ ಒಂದು ಕ್ಷಣ ನಿಲ್ಲುವುದಿಲ್ಲ. ಅವುಗಳಲ್ಲಿ ಯಾವುದು ಯಾವುದೆಂದು ಹೇಳುವ ಹಟ ಬಿಟ್ಟು ಐದು ವರ್ಷವಾಯಿತು. ಚೆಕ್‌ರೋಲಿನಲ್ಲಿ ಅವಕ್ಕೆ ಒಟ್ಟಾಗಿ ಒಂದೇ ಸಾಲು.

ಆರಿದ್ರೆಯಿಂದ ಆಶ್ಲೇಷದವರೆಗೆ ಹಕ್ಕಿ ನೋಡಲು ಹೊರಗೆ ಕಾಲಿಡುವುದೆಂದರೆ ರಕ್ತ ಹೀರುವ ಇಂಬಳಕ್ಕೆ ಔತಣ. ಕಾಲಿಗೆ ಸುಣ್ಣ, ಹೊಗೆಸೊಪ್ಪು, ಉಪ್ಪು ಎಲ್ಲ ಬಳಿದರೂ ಮನೆಗೆ ಬಂದು ನೋಡಿದರೆ ಸೊಂಟದ ಹತ್ತಿರ ಒಂದು ಇದ್ದೇ ಇರುತ್ತದೆ. ಆ ದಿನಗಳಲ್ಲಿ ನಾನು ಹೋಗುವುದು ಒಂದೇ ಕಡೆ, ಹಳ್ಳದ ಪಂಪ್‌ಹೌಸಿಗೆ. ಹಕ್ಕಿಯೆಲ್ಲ ಮುದುಡಿ ಕೂರುವ ಕಾಲದಲ್ಲಿ ಬಾಯಿ ತೆರೆಯುವ ಪುಣ್ಯಾತ್ಮ ಅಲ್ಲಿದ್ದಾನೆ, ಮಲಬಾರ್ ವಿಸ್ಲಿಂಗ್ ಥ್ರಶ್. ನಮ್ಮ ಆಳುಗಳು ಸೀಟಿ ಹಕ್ಕಿ ಅನ್ನುತ್ತಾರೆ. ದೂರಕ್ಕೆ ಕಾಗೆಗಪ್ಪು, ಬೆಳಕು ಬಿದ್ದರೆ ಹಣೆ ಮತ್ತು ಭುಜದಲ್ಲಿ ನೀಲಿ ಮಿಂಚು. ಹಾಡು ಎಂಥದ್ದೆಂದರೆ, ಸ್ಕೂಲಿಗೆ ಚಕ್ಕರ್ ಹೊಡೆದ ಹುಡುಗನೊಬ್ಬ ಯಾವುದೋ ಪದ ಅರ್ಧ ಮರೆತು ಸೀಟಿ ಹೊಡೆಯುತ್ತ ಹೋದ ಹಾಗೆ. ರಾಗ ಏರುತ್ತದೆ, ಇನ್ನೇನು ಪಲ್ಲವಿಗೆ ಬಂತು ಅನ್ನುವಾಗ ಬೇರೆಲ್ಲೋ ಹೊರಳುತ್ತದೆ. ಈ ಜುಲೈಯಲ್ಲಿ ಪುಷ್ಯ ಮಳೆಗೆ ಹಳ್ಳ ಕಟ್ಟೆ ಮೀರಿ ಬಂದು ಮೂರು ದಿನ ಕರೆಂಟಿರಲಿಲ್ಲ. ಪಂಪ್‌ಹೌಸಿನ ಮಾಡಿನ ಕೆಳಗೆ, ಸ್ಟಾರ್ಟರ್ ಪೆಟ್ಟಿಗೆಯ ಮೇಲೆ, ಪಾಚಿ ಬೇರು ಕೆಸರು ಮೆತ್ತಿ ಕಟ್ಟಿದ ಗೂಡಿನಲ್ಲಿ ಮೂರು ಮರಿ ಬಾಯಿ ತೆರೆದುಕೊಂಡಿದ್ದವು. ಕರೆಂಟು ಬಂದ ಮೇಲೂ ಒಂದು ವಾರ ಮೋಟರು ಹಾಕಲಿಲ್ಲ. ಸುರಿಯುವ ಮಳೆಯಲ್ಲಿ ಯಾರಿಗೆ ಬೇಕಿತ್ತು ಮೋಟರು, ಹಾಗಾಗಿ ಇದನ್ನು ದೊಡ್ಡ ತ್ಯಾಗ ಅಂತ ಬರೆದುಕೊಳ್ಳುವುದಿಲ್ಲ.

ಬರೆದುಕೊಳ್ಳಬೇಕಾದದ್ದು ಬೇರೆ ಇದೆ. ಭೀಮರಾಜ ಹಕ್ಕಿಯ ಸಾಲಿನಲ್ಲಿ ಮೇ ಕೊನೆಯಿಂದ ಇವತ್ತಿನವರೆಗೆ ಬರೀ ಕತ್ತರಿ.

ಮಳೆ ಹಿಡಿಯುವ ಮುಂಚೆ ಮರಗಸಿ ಮುಗಿಸಬೇಕು. ನೆರಳು ಜಾಸ್ತಿಯಾದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆ ಬರುತ್ತದೆ, ಅದಕ್ಕೆ ಮರದ ಕೊಂಬೆ ಸವರಿ ಬೆಳಕು ಬಿಡಿಸುತ್ತೇವೆ. ಮರ ಹತ್ತುವವರು ಈಗ ಸಿಗುವುದೇ ಕಷ್ಟ, ಸಿಕ್ಕರೂ ನಾಲ್ಕೇ ದಿನ. ಮನೆ ಹಿಂದಿನ ಹಾಲುವಾಣದ ಮೇಲಿಂದ ಮೇಸ್ತ್ರಿ ಕೂಗಿದ: "ಗೌಡ್ರೇ, ಕವಲಲ್ಲಿ ಗೂಡಿದ್ದಂಗೈತೆ, ಬಿಡದಾ?" ನಾನು ಕೆಳಗೆ ಫೋನಿನಲ್ಲಿ ಕಾಳುಮೆಣಸಿನ ರೇಟು ಮಾತಾಡುತ್ತಿದ್ದೆ. ತಲೆಯೆತ್ತದೆ, "ಹೊಡಿ ಹೊಡಿ, ಮೋಡ ಆಗ್ತಿದೆ" ಅಂದೆ. ಕೊಂಬೆ ಕೆಳಗೆ ಬಂದಾಗ ನಾರು ಬೇರಿನ ತೆಳ್ಳನೆ ಬಟ್ಟಲು, ಒಡೆದ ಮೊಟ್ಟೆಯ ಲೋಳೆ. ಬಾಲದಲ್ಲಿ ಎರಡು ತಂತಿ, ತಂತಿಯ ತುದಿಗೆ ಗರಿ ಕಟ್ಟಿಕೊಂಡ ಆ ಜೋಡಿ ನೆತ್ತಿಯ ಮೇಲೆ ಕಿರುಚುತ್ತ ಅರ್ಧ ದಿನ ಸುತ್ತಿದವು. ಮೇಸ್ತ್ರಿ ಏನೂ ಅನ್ನಲಿಲ್ಲ. ಅವನು ಕೇಳಿದ್ದ, ನಾನು ಹೇಳಿದ್ದೆ.

ಆ ಜೋಡಿ ಅದೇ ಮರಕ್ಕೆ ವರ್ಷಾ ವರ್ಷಾ ಬರುತ್ತಿತ್ತು. ಬೆಳಗಿನ ಜಾವ ಕತ್ತಲಿರುವಾಗಲೇ ಶುರುಮಾಡಿ ಗಿಡುಗ, ಹರಟೆಮಲ್ಲ, ಕುಟ್ರು ಹಕ್ಕಿ, ಎಲ್ಲರ ದನಿಯನ್ನೂ ಒಂದು ಸುತ್ತು ಅಣಕಿಸಿ ಮುಗಿಸುತ್ತಿತ್ತು. ಹರಟೆಮಲ್ಲಗಳು ಹುಳ ಕೆದಕುವಾಗ ಸುಳ್ಳು ಸುಳ್ಳೇ 'ಗಿಡುಗ ಬಂತು' ಅಂತ ಕೂಗಿ, ಅವು ಚದುರಿದ ಮೇಲೆ ಹುಳ ತಾನು ಎತ್ತಿಕೊಳ್ಳುವ ಖದೀಮ. ಚಳಿಗಾಲದಲ್ಲಿ ಚಿತ್ರಪಕ್ಷಿ, ಮರಕುಟಿಗ, ಉಲಿಯಕ್ಕಿಗಳೆಲ್ಲ ಒಟ್ಟಾಗಿ ತೋಟದಲ್ಲಿ ಮೇಯುತ್ತ ಸಾಗುವಾಗ ಅವನಿಲ್ಲದ ದಂಡೇ ಇರುತ್ತಿರಲಿಲ್ಲ. ಕಾಡಿನ ಅಂಚಿನಲ್ಲಿ ಭೀಮರಾಜ ಬೇಕಾದಷ್ಟಿವೆ, ನಿಜ. ನಮ್ಮ ಮನೆ ಹಿಂದೆ ಇಲ್ಲ, ಅಷ್ಟೆ.

ಹಾಲುವಾಣವೇ ಕಡಿಮೆಯಾಗುತ್ತಿದೆ, ಅದೂ ನಿಜ. ಮಾಘ ಫಾಲ್ಗುಣದಲ್ಲಿ ಎಲೆಯುದುರಿ ಮರವಿಡೀ ಕೆಂಪಾದಾಗ ಸೂರಕ್ಕಿ, ಪಿಕಳಾರ, ಗೊರವಂಕ, ನೀಲಿ ರೆಕ್ಕೆಯ ಗಿಳಿ, ಯಾವುದನ್ನು ನೋಡುವುದು ಯಾವುದನ್ನು ಬಿಡುವುದು. ಸಿಲ್ವರ್ ಓಕಿನ ಕೆಳಗೆ ನಿಂತು ಬೈನಾಕ್ಯುಲರ್ ಎತ್ತಿದವರನ್ನು ನಾನು ಕಂಡಿಲ್ಲ. ಆದರೆ ಆಸ್ಟ್ರೇಲಿಯಾದಿಂದ ಬಂದ ಆ ಮರ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಕಡಿದು ಮಾರಬಹುದು. ಮಗಳ ಹಾಸ್ಟೆಲ್ ಫೀಸು ಕಟ್ಟಿದ್ದು ಅದೇ ಮರ ಮಾರಿ. ಬೈಯಲು ಬಾಯಿ ಬರುವುದಿಲ್ಲ. ಹಳ್ಳದ ದಂಡೆಯ ಬಸರಿ, ಅತ್ತಿಗಳನ್ನು ಮಾತ್ರ ಅಪ್ಪ ಮುಟ್ಟಲಿಲ್ಲ, ನಾನೂ ಮುಟ್ಟಿಲ್ಲ. ಬೇಸಿಗೆಯಲ್ಲಿ ಮಂಗಟ್ಟೆಯ ಹೆಣ್ಣು ಪೊಟರೆ ಸೇರಿ ಬಾಗಿಲು ಮೆತ್ತಿಕೊಂಡ ಮೇಲೆ ಗಂಡು ತಿಂಗಳುಗಟ್ಟಲೆ ಆ ಹಣ್ಣು ಹೊತ್ತು ಕಿಂಡಿಯೊಳಗೆ ತುರುಕುವುದನ್ನು ಏಪ್ರಿಲ್ಲಿನಲ್ಲಿ ಬಂದರೆ ಯಾರಿಗಾದರೂ ತೋರಿಸುತ್ತೇನೆ. ಮೂವತ್ತು ಅಡಿ ದೂರದಿಂದ, ಮಾತಾಡದೆ ನೋಡುವುದಾದರೆ.

ಈ ಷರತ್ತಿಗೆ ಕಾರಣವಿದೆ. ಹೋದ ಚಳಿಗಾಲ ಬೇರೆ ಊರಿಂದ ಬಂದ ಕ್ಯಾಮೆರಾದವರ ಗುಂಪೊಂದು ಸ್ಪೀಕರಿನಲ್ಲಿ ನವರಂಗನ ಕೂಗು ಹಾಕಿ ಹಾಕಿ ಹೊತ್ತು ಕಳೆದರು. ಚಳಿಗಾಲದಲ್ಲೂ ಅದು ತನ್ನ ತುಂಡು ನೆಲ ಕಾಯುವ ಹಕ್ಕಿ. ಬೇರೆ ಯಾರೋ ಬಂದರೆಂದು ಪಾಪ ಮತ್ತೆ ಮತ್ತೆ ಬಯಲಿಗೆ ಬಂತು. ಫೋಟೋ ಚೆನ್ನಾಗಿಯೇ ಬಂದಿತ್ತು, ಕಳಿಸಿದ್ದರು. ನಾನು ಮನೆಯಲ್ಲಿ ಹಾಕಿಲ್ಲ.

ಗಿರಿಯ ಮೇಲಿನ ಹಕ್ಕಿಗಳಿಗೆ ನನ್ನ ಚೆಕ್‌ರೋಲಿನಲ್ಲಿ ಒಂದೇ ಪುಟ. ವರ್ಷಕ್ಕೊಮ್ಮೆ, ಅದೂ ವಾರದ ನಡುವೆ, ಬಾಬಾಬುಡನ್‌ಗಿರಿಗೆ ಹೋಗುತ್ತೇನೆ. ಶನಿವಾರ ಭಾನುವಾರ ಅಲ್ಲಿ ಕಾರುಗಳ ಹಾರನ್ನೇ ಪಕ್ಷಿಗಾನ. ಅಲ್ಲಿ ಹುಲ್ಲುಗುಡ್ಡಗಳ ನಡುವಿನ ಮಡಿಕೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನ ನೆಲದಲ್ಲಿ ನೀಲಗಿರಿ ಬ್ಲೂ ರಾಬಿನ್ ಇದೆ. ಕೇರಳದ ಪಾಲ್ಘಾಟ್ ಕಣಿವೆಯ ಉತ್ತರಕ್ಕಿರುವ ಕೆಲವೇ ಎತ್ತರದ ಬೆಟ್ಟಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2017ರಲ್ಲಿ ವಿಜ್ಞಾನಿಗಳು ಇದರ ಕುಲಕ್ಕೆ ಶೋಲಿಕೋಲಾ ಅಂತ ಹೊಸ ಹೆಸರಿಟ್ಟರು, ಶೋಲಾದಲ್ಲಿ ಇರುವವನು ಅಂತ. ನವರಂಗನಿಗಾದರೆ ಚಳಿ ಬಂದಾಗ ಹೊರಡಲು ಇನ್ನೊಂದು ಊರಿದೆ. ಇದು ಗಾಳಿ, ಮಂಜು, ಬೇಸಿಗೆಯ ಬೆಂಕಿ ಏನೇ ಬರಲಿ ಅಲ್ಲೇ. ಇಲ್ಲಿನ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರಿಗೆ ಮುಗಿದುಹೋಗುತ್ತದೆ, ಸೆಕೆ ಏರಿತೆಂದು ಇನ್ನೂ ಮೇಲೆ ಹೋಗೋಣವೆಂದರೆ ಬೆಟ್ಟವೇ ಇಲ್ಲ.

ಏಳೂವರೆಗೆ ಉಗ್ರಾಣದ ಡಬ್ಬದೊಳಗೆ ಕಾಲು ಕೆದರುವ ಸದ್ದಾಯಿತು. ಹಿತ್ತಲ ಕಾಫಿ ಗಿಡದ ಬುಡಕ್ಕೆ ಒಯ್ದು ಮುಚ್ಚಳ ತೆಗೆದೆ. ಅರ್ಧ ನಿಮಿಷ ಮೇಲೆ ನೋಡಿತು, ಹಾರಲಿಲ್ಲ. ಡಬ್ಬದ ಅಂಚಿಗೆ ನೆಗೆದು, ಅಲ್ಲಿಂದ ನೆಲಕ್ಕೆ ಇಳಿದು, ಕುಪ್ಪಳಿಸುತ್ತ ಗಿಡದ ಕೆಳಗೆ ಹೋಯಿತು. ಒಂದು ತರಗೆಲೆ ಮಗುಚಿ ಕೆಳಗಿದ್ದದ್ದನ್ನು ಕುಕ್ಕಿತು. ಆಮೇಲೆ ಕಾಣಲಿಲ್ಲ. ಚೆಕ್‌ರೋಲಿನಲ್ಲಿ ಅರ್ಧ ದಿನ ಹಾಕಿದೆ.

ಮಧ್ಯಾಹ್ನ ಮೇಸ್ತ್ರಿ ಸಂಬಳ ತೆಗೆದುಕೊಂಡು ಹೋಗಲು ಬಂದ. ನಾಳೆಯಿಂದ ಕಾಂಡ ಕೊರೆಯುವ ಬೋರರ್ ಹುಳ ಹಿಡಿದ ಕಾಫಿ ಗಿಡ ಹುಡುಕಲು ಆರು ಜನ ಬರುತ್ತಾರಂತೆ. ಮೀನುಬಲೆ ಅವನ ಮನೆಯಲ್ಲಿದೆಯಂತೆ, ಹರಿದದ್ದು, ತರುತ್ತೇನೆ ಅಂದ.

ಸಂಜೆ ಮೋಡ ಕಟ್ಟಿ ಬೇಗ ಕತ್ತಲಾಯಿತು. ಆರು ಗಂಟೆಗೆ ಎರಡು ನಿಮಿಷವಿತ್ತು, ಹಳ್ಳದ ಕಡೆಯ ಗಿಡಗಳೊಳಗಿಂದ ಎರಡು ತುಂಡಿನ ಸೀಟಿ, ಮೇಲಕ್ಕೆ ಎಳೆದು ಕೆಳಕ್ಕೆ ಬಿಟ್ಟದ್ದು. ಮತ್ತೊಮ್ಮೆ. ಇವಳು ದೇವರ ದೀಪ ಹಚ್ಚುತ್ತಿದ್ದವಳು ಅಲ್ಲಿಂದಲೇ, "ಕೇಳ್ತಾ?" ಅಂದಳು.

ಬೆಳಗಿನ ಅರ್ಧ ಹೊಡೆದು ಹಾಕಿ ಪೂರ್ತಿ ದಿನ ಬರೆದೆ.