ಹಳೆ ಕಾರು ಹೀಟ್ ಆಗಿ ನಡುಗುತ್ತಿದ್ದರೆ: ಹೆಡ್ ಬಿಚ್ಚುವ ಮುನ್ನ ನೋಡಬೇಕಾದ್ದು

ಹದಿನೈದು ಇಪ್ಪತ್ತು ವರ್ಷ ಓಡಿದ ಪೆಟ್ರೋಲ್ ಕಾರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರುವುದೂ ಎಂಜಿನ್ ಗಡಗಡ ನಡುಗುವುದೂ ಒಟ್ಟಿಗೆ ಕಾಣಿಸಿಕೊಂಡರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವೆ ಸೋರಿಕೆ ತಡೆಯುವ ಹಾಳೆ) ಹೋಗಿದೆ ಅಂತ. ಹೋಗಿರಲೂಬಹುದು. ಆದರೆ ಹೆಡ್ ಇಳಿಸುವುದು ದೊಡ್ಡ ಖರ್ಚಿನ ಕೆಲಸ. ಇಳಿಸಿದ ಮೇಲೆ ಗ್ಯಾಸ್ಕೆಟ್ ಸರಿಯಾಗಿಯೇ ಇತ್ತು ಅಂತಾದರೆ ದುಡ್ಡೂ ಹೋಯಿತು, ತೊಂದರೆಯೂ ಉಳಿಯಿತು. ಅದಕ್ಕೆ ಮೊದಲು ಗಮನಿಸಬೇಕಾದದ್ದು ಒಂದೇ: ನಡುಕ ಮೊದಲು ಬರುತ್ತದೋ, ಬಿಸಿ ಮೊದಲು ಏರುತ್ತದೋ?

ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆದು (ಉರಿಯದೆ ತಪ್ಪಿ), ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದು, ಒಂದೆರಡು ನಿಮಿಷದಲ್ಲಿ ಸರಿಹೋದರೆ ಅನುಮಾನ ಗ್ಯಾಸ್ಕೆಟ್ ಮೇಲೇ. ರಾತ್ರಿಯಿಡೀ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸಿಲಿಂಡರ್‌ಗೆ ಜಿನುಗಿ, ಅಲ್ಲಿನ ಸ್ಪಾರ್ಕ್ ಪ್ಲಗ್ ಒದ್ದೆಯಾಗಿರುತ್ತದೆ. ಇನ್ನು ಎಂಜಿನ್ ನಯವಾಗಿ ಓಡುತ್ತಿದ್ದು, ಮುಳ್ಳು ಏರಿದ ಮೇಲಷ್ಟೇ ನಡುಗಿದರೆ ಮೊದಲು ಕೂಲಿಂಗ್ ಕಡೆ ನೋಡಿ. ಮೂರನೆಯದು, ದಿನವಿಡೀ ಐಡ್ಲಿಂಗ್‌ನಲ್ಲಿ ನಡುಕ, ಪಿಕಪ್ ಕಡಿಮೆ, ಬಿಸಿ ಮಾತ್ರ ನಿಧಾನಕ್ಕೆ ಏರುವುದು. ಇದು ಇಗ್ನಿಷನ್ ಅಥವಾ ಗಾಳಿ-ಪೆಟ್ರೋಲ್ ಮಿಶ್ರಣದ ದೋಷ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತಡವಾದರೆ ಪೆಟ್ರೋಲ್ ತಡವಾಗಿ ಉರಿದು, ಶಾಖ ಗಾಡಿಯ ಚಕ್ರ ತಿರುಗಿಸುವ ಕೆಲಸಕ್ಕೆ ಬರುವ ಬದಲು ಹೆಡ್‌ಗೂ ಎಕ್ಸಾಸ್ಟ್‌ಗೂ ಹೋಗುತ್ತದೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಇರುವ ಗಾಡಿಗಳಲ್ಲಿ, ಎಂಜಿನ್ನಿನ ಗಾಳಿ ಎಳೆತದಿಂದ ಕಿಡಿಯನ್ನು ಬೇಗ ಹಾರಿಸುವ ವ್ಯಾಕ್ಯೂಮ್ ಅಡ್ವಾನ್ಸ್‌ನ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಹರಿದರೆ ಈ ಎರಡೂ ಲಕ್ಷಣ ಒಟ್ಟಿಗೇ ಕಾಣಬಹುದು. ಅದಕ್ಕೆ ಹೋಗುವ ಸಣ್ಣ ಪೈಪನ್ನು ಎಂಜಿನ್ ಕಡೆಯ ತುದಿಯಲ್ಲಿ ಕಳಚಿ, ಬಾಯಿಂದ ಗಾಳಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಎಳೆತ ಹಾಗೇ ಉಳಿಯದೆ ಸಡಿಲಾದರೆ ಡಯಾಫ್ರಮ್ ಹರಿದಿದೆ.

ಕೈ ಹಾಕುವ ಮುನ್ನ ಎರಡು ಎಚ್ಚರಿಕೆ. ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ಯಾವ ಕಾರಣಕ್ಕೂ ತೆಗೆಯಬೇಡಿ, ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಆಫ್ ಆಗಿದ್ದರೂ ಕೆಲವು ಕಾರುಗಳಲ್ಲಿ ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ದೂರವಿರಲಿ.

ಕೂಲಿಂಗ್ ವಿಷಯದಲ್ಲಿ ಯಾವಾಗ ಬಿಸಿಯಾಗುತ್ತದೆ ಅನ್ನುವುದೇ ಅರ್ಧ ಉತ್ತರ. ನಿಂತಾಗ, ನಿಧಾನ ಹೋಗುವಾಗ ಏರಿ, ವೇಗ ಹಿಡಿದರೆ ಇಳಿದರೆ ಫ್ಯಾನ್ ನೋಡಿ. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದೊಡನೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯಾನ್ ಕನೆಕ್ಟರ್ ಕಳಚಿ, ಫ್ಯೂಸ್ ಇರುವ ವೈರಿನಲ್ಲಿ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿ. ಆಗ ತಿರುಗಿದರೆ ಮೋಟರ್ ಸರಿ, ದೋಷ ರಿಲೇ, ಫ್ಯೂಸ್ ಅಥವಾ ಥರ್ಮೋ ಸ್ವಿಚ್‌ನಲ್ಲಿದೆ. ತದ್ವಿರುದ್ಧವಾಗಿ, ಏರು ರಸ್ತೆಯಲ್ಲಿ, ಹೆದ್ದಾರಿಯಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿದೆ, ವಾಟರ್ ಪಂಪ್ ಸೋತಿದೆ ಅಥವಾ ರೇಡಿಯೇಟರ್‌ನ ಕೆಳಗಿನ ಹೋಸ್ ಪೈಪ್ ರೇಸ್ ಮಾಡಿದಾಗ ಒಳಕ್ಕೆ ಚಪ್ಪಟೆಯಾಗುತ್ತಿದೆ. ಈ ಮೂರನೆಯದನ್ನು ಯಾರೂ ನೋಡುವುದಿಲ್ಲ. ಬಾನೆಟ್ ತೆಗೆದು, ಎಂಜಿನ್ ಬಿಸಿಯಾದ ಮೇಲೆ 3000 ಆರ್‌ಪಿಎಂನಲ್ಲಿ ಹಿಡಿದು ಆ ಪೈಪ್ ನೋಡಿದರೆ ಗೊತ್ತಾಗುತ್ತದೆ.

ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವೇ ಥರ್ಮೋಸ್ಟಾಟ್, ಅದರ ಪರೀಕ್ಷೆ ಸುಲಭ. ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ದಾರ ಕಟ್ಟಿ ಇಳಿಬಿಡಿ, ಥರ್ಮಾಮೀಟರ್ ಇಟ್ಟು ಕಾಯಿಸಿ. ಬಹುತೇಕ ವಾಲ್ವ್‌ಗಳು 82ರಿಂದ 88 ಡಿಗ್ರಿಗೆ ತೆರೆಯಲು ಶುರುವಾಗಿ, ಅಲ್ಲಿಂದ ಸುಮಾರು 12 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯುತ್ತವೆ. ಹಾಳಾಗಿದೆ ಅಂತ ಥರ್ಮೋಸ್ಟಾಟನ್ನೇ ತೆಗೆದುಹಾಕಿ ಓಡಿಸುವ ರೂಢಿ ಇದೆ, ಅದು ತಪ್ಪು. ಕೆಲವು ಎಂಜಿನ್‌ಗಳಲ್ಲಿ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತೆಗೆದರೆ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತಿ ಇನ್ನಷ್ಟು ಕಾಯುತ್ತದೆ. ರೇಡಿಯೇಟರ್ ಕ್ಯಾಪ್ ಕೂಡ ಸಣ್ಣ ವಿಷಯವಲ್ಲ. ಅದು ಸಾಮಾನ್ಯವಾಗಿ 0.9ರಿಂದ 1.1 ಬಾರ್ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಇಪ್ಪತ್ತು ಡಿಗ್ರಿಯಷ್ಟು ಮೇಲೇರಿಸುತ್ತದೆ. ಒಳಗಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ಮುಳ್ಳನ್ನು ಪೂರ್ತಿ ನಂಬಬೇಡಿ. ಕೂಲಂಟ್ ತುಂಬ ಕಡಿಮೆಯಾದಾಗ ಸೆನ್ಸರ್ ಗಾಳಿಯಲ್ಲಿ ನಿಂತು, ಎಂಜಿನ್ ಕುದಿಯುತ್ತಿದ್ದರೂ ಕಡಿಮೆ ತೋರಿಸಬಹುದು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೂ ಅದು ತಣ್ಣಗಿದೆ ಎಂದೇ ಸುದ್ದಿ ಹೋದರೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ನಡುಕ ಶುರುವಾಗುತ್ತದೆ. ಮುಳ್ಳು ಏರಿರುವಾಗಲೇ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಕೂಲಂಟ್ ಕಡಿಮೆಯಾಗಿದೆ, ಒಳಗೆ ಏರ್‌ಲಾಕ್ ಆಗಿದೆ (ಗಾಳಿ ಸಿಕ್ಕಿಕೊಂಡಿದೆ) ಅಥವಾ ಪಂಪ್ ತಳ್ಳುತ್ತಿಲ್ಲ.

ಗ್ಯಾಸ್ಕೆಟ್ ಅನುಮಾನ ಉಳಿದರೆ ಸಾಕ್ಷಿ ಬೇಕು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಹಿಸುಕಿ ನೋಡಿ. ನೀರು ಇನ್ನೂ ಬಿಸಿಯಾಗದ ಒಂದು ನಿಮಿಷದೊಳಗೇ ಪೈಪ್ ಕಲ್ಲಿನಂತೆ ಗಟ್ಟಿಯಾದರೆ ಉರಿದ ಗ್ಯಾಸ್ ಕೂಲಂಟ್‌ಗೆ ನುಗ್ಗುತ್ತಿದೆ. ಖಚಿತಪಡಿಸಲು ಬ್ಲಾಕ್ ಟೆಸ್ಟರ್ ಇದೆ: ಕೂಲಂಟ್ ಮಟ್ಟ ಒಂದೆರಡು ಇಂಚು ಇಳಿಸಿ, ರೇಡಿಯೇಟರ್ ಬಾಯಿಯ ಗಾಳಿಯನ್ನು ಟೆಸ್ಟರ್‌ನ ನೀಲಿ ದ್ರವದ ಮೂಲಕ ಎಳೆಯಬೇಕು. ದ್ರವ ಹಳದಿಗೆ ತಿರುಗಿದರೆ ಸೋರಿಕೆ ಸಾಬೀತು. ಆಯಿಲ್ ಕ್ಯಾಪಿನಡಿ ಬಿಳಿ ಕೆನೆಯಂಥದ್ದು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ, ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ಆವಿಯಿಂದಲೂ ಅದು ಕಟ್ಟುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲೂ ಕಂಡರೆ ಗಾಡಿ ನಿಲ್ಲಿಸಿ.

ಕಂಪ್ರೆಷನ್ (ಸಿಲಿಂಡರ್ ಒಳಗೆ ಏಳುವ ಒತ್ತಡ) ನೋಡುವಾಗ ಎಲ್ಲ ಪ್ಲಗ್ ಬಿಚ್ಚಿ, ಇಗ್ನಿಷನ್ನೂ ಪೆಟ್ರೋಲೂ ಬಂದ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಕ್ರ್ಯಾಂಕ್ ಮಾಡಬೇಕು. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, 15 ಶೇಕಡಕ್ಕಿಂತ ಹೆಚ್ಚಿರಬಾರದು. ಅಕ್ಕಪಕ್ಕದ ಎರಡರಲ್ಲಿ ಒಟ್ಟಿಗೆ ಕಡಿಮೆ ಬಂದರೆ ಬಹುತೇಕ ಅವೆರಡರ ನಡುವೆಯೇ ಗ್ಯಾಸ್ಕೆಟ್ ಸುಟ್ಟಿರುತ್ತದೆ. ಒಂದರಲ್ಲೇ ಕಡಿಮೆಯಿದ್ದರೆ 5 ಮಿಲಿ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಇಷ್ಟರಲ್ಲೂ ಎಲ್ಲ ಸರಿಯಿದ್ದರೆ ನಡುಕಕ್ಕೆ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ಆಸರೆ) ಕಾರಣವಿರಬಹುದು. ಎಂಜಿನ್ ಸದ್ದು ಸಮವಾಗಿದ್ದು ಸ್ಟಿಯರಿಂಗ್, ಸೀಟು ಮಾತ್ರ ಅದುರಿ, ರೇಸ್ ಕೊಟ್ಟೊಡನೆ ನಿಂತರೆ ಅದೇ. ಆಗ ಹೀಟಿಂಗ್ ಬೇರೆಯೇ ದೋಷ.

ಹೆಡ್ ಇಳಿಸಲೇಬೇಕಾದರೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡಬೇಡಿ. ಹೆಡ್‌ನ ತಳ ಬಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ತಗಡು) ಉದ್ದಕ್ಕೂ ಮೂಲೆಯಿಂದ ಮೂಲೆಗೂ ಅಳೆಯಿರಿ. ಮ್ಯಾನ್ಯುಯಲ್ ಹೇಳುವ ಮಿತಿ, ಹೆಚ್ಚಾಗಿ 0.05ರಿಂದ 0.1 ಮಿಮೀ, ದಾಟಿದ್ದರೆ ಫೇಸಿಂಗ್ ಮಾಡಿಸಬೇಕು (ತಳವನ್ನು ಉಜ್ಜಿಸಿ ಸಮ ಮಾಡಿಸಬೇಕು). ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ಆಯಿಲ್, ನೀರು ನಿಲ್ಲದಂತೆ ಒರೆಸಿ, ಇಲ್ಲದಿದ್ದರೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ, ಬ್ಲಾಕ್ ಬಿರುಕು ಬಿಡಲೂಬಹುದು. ಬೋಲ್ಟ್‌ಗಳನ್ನು ಮ್ಯಾನ್ಯುಯಲ್ ಕೊಟ್ಟ ಕ್ರಮದಲ್ಲೇ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಿರಿ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟಾದರೆ ಹೊಸದನ್ನೇ ಹಾಕಿ. ಕೂಲಂಟ್ ತುಂಬುವಾಗ ಕಾರಿನ ಮುಂಭಾಗ ಎತ್ತರಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಓಡಿಸಿ. ಮರುದಿನ ತಣ್ಣಗಿರುವಾಗ ಕ್ಯಾಪ್ ತೆಗೆದು ಮಟ್ಟ ಮತ್ತೆ ನೋಡಿ, ಇಳಿದಿದ್ದರೆ ತುಂಬಿ.