ಹನ್ನೆರಡೂವರೆ

"ಹಾಗಾದ್ರೆ ನೀನೂ ಹನ್ನೆರಡೂವರೆ, ಅಲ್ವಾ ಅಮ್ಮಾ?"

ಹೋದ ಶನಿವಾರ ಪಕ್ಕದ ಫಾರ್ಮಿನ ಅಡುಗೆಮನೆಯಲ್ಲಿ ನನ್ನ ಒಂಬತ್ತು ವರ್ಷದ ಮಗಳು ಕೇಳಿದ ಮಾತು ಇದು. ಅಲ್ಲಿವರೆಗೂ ನಾವು ನಾಯಿಯ ವಿಷಯ ಮಾತಾಡುತ್ತಿದ್ದೆವು.

ನಾವಿರುವುದು ವೇಲ್ಸ್‌ನ ಟ್ರೆಗಾರನ್ ಕಡೆ. ನೆರೆಯಾಕೆಗೆ ಎಪ್ಪತ್ತು ದಾಟಿದೆ. ಒಂದು ಗುಡ್ಡ, ಅದರ ತುಂಬ ಕುರಿ, ನೆಲ್ ಅನ್ನೋ ಒಂದು ಬಾರ್ಡರ್ ಕೋಲಿ. ನೆಲ್‌ಗೆ ಈಗ ನಾಲ್ಕು ವರ್ಷ. ಅವಳಿಂದ ಒಂದು ಸೂಲು ಮರಿ ತೆಗೆಯಬೇಕು, ಎರಡು ಮರಿ ತಾನೇ ಇಟ್ಟುಕೊಳ್ಳಬೇಕು, ಮುಂದಿನ ಹತ್ತು ವರ್ಷ ಅವುಗಳನ್ನೇ ನಂಬಿ ಕುರಿ ಕಾಯಬೇಕು. ಅದಕ್ಕೆ ಗಂಡುನಾಯಿ ಹುಡುಕುತ್ತಿದ್ದಾರೆ. ಅವರ ಮಂಡಿ ಆಪರೇಷನ್ ಆದಮೇಲೆ ಕಾರು ಓಡಿಸುವ ಕೆಲಸ ನನ್ನದು. ನೈಟ್ ಶಿಫ್ಟ್ ಇಲ್ಲದ ವಾರಾಂತ್ಯಗಳಲ್ಲಿ ಮೂವರೂ ಹೊರಡುತ್ತೇವೆ.

ಮೊದಲು ಸಿಕ್ಕಿದ್ದು ಪಂದ್ಯ ಗೆದ್ದ ನಾಯಿ. ನಾಯಿ ಎಷ್ಟು ಚೆನ್ನಾಗಿ ಕುರಿ ಅಟ್ಟುತ್ತದೆ ಅಂತ ನೋಡುವ ಕುರಿನಾಯಿ ಪಂದ್ಯ ಅಂದರೆ ಇಲ್ಲಿನವರಿಗೆ ಪ್ರಾಣ. ಬ್ರಿಟನ್ನಿನಲ್ಲಿ ಅದು ಶುರುವಾಗಿದ್ದೇ 1873ರಲ್ಲಿ, ವೇಲ್ಸ್‌ನ ಬಾಲಾ ಊರಲ್ಲಿ. ಈ ನಾಯಿಯ ಮೈಕಟ್ಟು, ಓಟ, ಕುರಿಯನ್ನು ದಿಟ್ಟಿಸುವ ರೀತಿ ನೋಡಿ ನನಗೇ ಆಸೆಯಾಯಿತು. ದುಡ್ಡೂ ಬೇಡ, ಒಂದು ಮರಿ ಕೊಟ್ಟರೆ ಸಾಕು ಅಂದರು ಒಡೆಯರು. ನೆರೆಯಾಕೆ ಮಾತ್ರ ನಾಯಿಯ ವಂಶದ ಕಾಗದ ಕೇಳಿದರು. ಓದಿದರು. ಮಡಚಿ ವಾಪಸ್ ಕೊಟ್ಟು, ಥ್ಯಾಂಕ್ಸ್ ಹೇಳಿ ಹೊರಟೇಬಿಟ್ಟರು.

ಆ ನಾಯಿಗೂ ನೆಲ್‌ಗೂ ಅಪ್ಪ ಒಬ್ಬನೇ.

ಅದಾದ ಮೇಲೆ ಹದಿನಾಲ್ಕು ತಿಂಗಳ ಒಂದು ಚುರುಕು ನಾಯಿ ನೋಡಿದೆವು. ಪರೀಕ್ಷೆಗಳೆಲ್ಲ ಸರಿ ಇದ್ದವು. ಆದರೂ ಬೇಡ ಅಂದರು. ಕಣ್ಣಿನ ದೋಷಕ್ಕೆ, ರಕ್ತದ ಬಿಳಿ ಕಣಗಳ ದೋಷಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಮೂರ್ಛೆ ರೋಗ ಹಾಗಲ್ಲ. ಅದು ಸಾಮಾನ್ಯವಾಗಿ ಮೊದಲ ಐದಾರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಅಲ್ಲಿವರೆಗೂ ಕಾಯದೆ ಮರಿ ತೆಗೆದರೆ ಆಮೇಲೆ ಅಳಬೇಕು ಅನ್ನುವುದು ಅವರ ಮಾತು.

ಕೊನೆಗೆ ಒಪ್ಪಿದ್ದು ಕಿವಿ ಹರಿದ ಆರು ವರ್ಷದ ನಾಯಿಯನ್ನು. ಯಾವ ಪಂದ್ಯಕ್ಕೂ ಹೋದವನಲ್ಲ. ನೆರೆಯಾಕೆ ಅವನ ಮುಂದೆ ಪಳಗಿದ ಕುರಿ ಬಿಡಲಿಲ್ಲ. ಮರಿ ಹಾಕಿದ, ಕಾಲು ಒದ್ದು ನಿಲ್ಲುವ ಒಂದು ಹಟಮಾರಿ ಕುರಿ ಬಿಡಿಸಿದರು. ಅವನು ದೂರದಿಂದ ಬಳಸಿ ಬಂದ. ಅದು ತಲೆ ತಗ್ಗಿಸಿ ಹಾಯಲು ಬಂದರೂ ಹಿಂದೆ ಸರಿಯಲಿಲ್ಲ, ಕಚ್ಚಲೂ ಇಲ್ಲ. ಸುಮ್ನೆ ನಿಂತ. ಕುರಿಯೇ ತಿರುಗಿತು. ಸೀಟಿ ಹಾಕಿದ್ದೇ ತಡ ಎಲ್ಲ ಬಿಟ್ಟು ಬಂದು ನನ್ನ ಮಗಳ ಕೈ ಮೂಸಿದ. ಆಮೇಲೆ ಅವನ ಹಲ್ಲು ನೋಡಿದರು, ಎರಡೂ ಬೀಜ ಕೆಳಗಿಳಿದಿವೆಯಾ ಅಂತ ಕೈಯಲ್ಲೇ ಮುಟ್ಟಿ ನೋಡಿದರು. ಸೊಂಟದ ಎಕ್ಸ್‌ರೇ ಅಂಕ ಕೇಳಿದರು. ಎರಡೂ ಕಡೆ ಸೇರಿ 106ರವರೆಗೆ ಹೋಗುವ ಅಂಕ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಇವನದು 9. ಅವನ ಅಣ್ಣತಮ್ಮಂದಿರು ಎಲ್ಲೆಲ್ಲಿದ್ದಾರೆ, ಯಾರಿಗಾದರೂ ಮೂರ್ಛೆ ಬಂದಿತ್ತಾ ಅಂತ ಅರ್ಧ ಗಂಟೆ ವಿಚಾರಿಸಿದರು. ನಮ್ಮಲ್ಲಿ ಗಂಡು ನೋಡಲು ಹೋದವರೂ ಇಷ್ಟು ಕೇಳುವುದಿಲ್ಲ.

ಮನೆಗೆ ಬಂದು ಟೀ ಕುಡಿಯುವಾಗ ಮಗಳು ಕೇಳಿದಳು, ಪಂದ್ಯ ಗೆದ್ದವನು ಯಾಕೆ ಬೇಡ ಅಂತ. ಅವರು ಮೇವಿನ ಬಿಲ್ಲಿನ ಹಿಂದೆ ಗೆರೆ ಎಳೆದು ತೋರಿಸಿದರು. ಪ್ರತಿ ಗುಣವೂ ಎರಡು ಪ್ರತಿಯಲ್ಲಿ ಬರುತ್ತದೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ನೆಲ್‌ಳಲ್ಲಿ ಕಣ್ಣಿನ ದೋಷದ ಒಂದು ಪ್ರತಿ ಇದೆ. ಇನ್ನೊಂದು ಸರಿ ಇರುವುದರಿಂದ ಅವಳ ಕಣ್ಣು ಚೆನ್ನಾಗಿದೆ. ದೋಷವೇ ಇಲ್ಲದ ಗಂಡು ಸಿಕ್ಕರೆ ಯಾವ ಮರಿಗೂ ಆ ಕಾಯಿಲೆ ಬರುವುದಿಲ್ಲ. ಆದರೆ ಪರೀಕ್ಷೆಗೆ ಸಿಗದೆ ಅಡಗಿರುವ ದೋಷಗಳು ಇನ್ನೆಷ್ಟೋ. ಒಂದೇ ಅಪ್ಪನ ಮಕ್ಕಳು ಸೇರಿದರೆ, ಮರಿಯ ಯಾವುದೇ ಒಂದು ಗುಣದ ಎರಡೂ ಪ್ರತಿ ಆ ಹಿರಿಯನ ಒಂದೇ ಪ್ರತಿಯ ನಕಲಾಗಿರುವ ಸಂಭವ 12.5 ಪರ್ಸೆಂಟ್.

1965ರಲ್ಲಿ ದೊಡ್ಡ ಪಂದ್ಯ ಗೆದ್ದ ವಿಸ್ಟನ್ ಕ್ಯಾಪ್ ಎಂಬ ನಾಯಿಯ ಕತೆಯನ್ನೂ ಹೇಳಿದರು. ಎಲ್ಲರೂ ತಮ್ಮ ಹೆಣ್ಣುನಾಯಿಯನ್ನು ಅವನ ಹತ್ತಿರವೇ ಕರೆದೊಯ್ದರು. ಈಗ ಎಷ್ಟೋ ನಾಯಿಗಳ ಕಾಗದದಲ್ಲಿ ಅವನ ಹೆಸರು ಎರಡೆರಡು, ಮೂರ್ಮೂರು ಕಡೆ ಬರುತ್ತದಂತೆ. ಗೆದ್ದವನ ಒಳ್ಳೆಯದೂ ಹರಡಿತು, ಅವನೊಳಗೆ ಅಡಗಿದ್ದದ್ದೂ ಹರಡಿತು.

ಮಗಳು ಅದೇ ಬಿಲ್ಲಿನ ಮೂಲೆಯಲ್ಲಿ ನಮ್ಮ ಮನೆಯ ಗೆರೆ ಎಳೆಯತೊಡಗಿದಳು. ಅವಳು, ನಾನು, ನನ್ನ ಅವ್ವ, ಅಪ್ಪ. ಅವ್ವನ ಅವ್ವ. ಆ ಗೆರೆ ಮೇಲೆ ಹೋಗಿ ಅಪ್ಪನ ಗೆರೆಗೇ ಕೂಡಿತು. ಯಾಕೆಂದರೆ ನನ್ನ ಅವ್ವನನ್ನು ಕೊಟ್ಟಿದ್ದು ಸೋದರಮಾವನಿಗೆ. ಅಜ್ಜಿ ನನಗೆ ಅವ್ವನ ಅವ್ವನೂ ಹೌದು, ಅಪ್ಪನ ಅಕ್ಕನೂ ಹೌದು. ನೆರೆಯಾಕೆ ಕನ್ನಡಕ ಏರಿಸಿ ಲೆಕ್ಕ ಹಾಕಿದರು. ಅದೂ 12.5 ಬಂತು. ಆಗಲೇ ಮಗಳು ಆ ಮಾತು ಕೇಳಿದ್ದು.

ನೆರೆಯಾಕೆ ಏನೂ ಅನ್ನಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಟರು. ಅದೇ ಜಾಸ್ತಿ ನೋವಾಯಿತು.

ನಮ್ಮದು ಮಂಡ್ಯ ಜಿಲ್ಲೆ. ತಾತ ಬಂಡೂರು ಕುರಿ ಸಾಕಿದ್ದರು. ಎರಡು ವರ್ಷಕ್ಕೊಮ್ಮೆ ಬೀಜದ ಟಗರನ್ನು ಬದಲಿಸುತ್ತಿದ್ದರು. ಎಂಥ ಒಳ್ಳೆ ಟಗರಾದರೂ ಸರಿ, ಪಕ್ಕದೂರಿನ ಹಿಂಡಿಗೆ ಕೊಟ್ಟು ಅಲ್ಲಿಂದ ಬೇರೆ ತರುತ್ತಿದ್ದರು. "ಅದರ ಹೆಣ್ಣುಮರಿಗೆ ಅದನ್ನೇ ಬಿಡಬಾರ್ದು, ಹಿಂಡು ಕೆಡ್ತದೆ" ಅನ್ನುತ್ತಿದ್ದರು. ಯಾರೂ ಓದಿಸದೆ ಅವರಿಗೆ ಅದು ಗೊತ್ತಿತ್ತು. ಅದೇ ತಾತ ತನ್ನ ಮಗಳನ್ನು ಹೆಂಡತಿಯ ತಮ್ಮನಿಗೆ ಕೊಟ್ಟರು. ಕೆಟ್ಟ ಮನಸ್ಸಿನಿಂದಲ್ಲ. ಕಂಡ ಮನೆ, ಕಣ್ಣೀರು ಹಾಕಿಸುವ ಅತ್ತೆ ಇಲ್ಲ, ಜಮೀನು ಒಡೆಯುವುದಿಲ್ಲ. ಅವ್ವ ಸುಖವಾಗಿಯೇ ಬಾಳಿದಳು. ನಾನೂ ಅಣ್ಣನೂ ಗಟ್ಟಿಯಾಗಿದ್ದೇವೆ.

ನನ್ನ ನಂತರ ಒಬ್ಬ ತಮ್ಮ ಹುಟ್ಟಿದ್ದ. ಏಳು ತಿಂಗಳು ಇದ್ದ. ಕತ್ತು ನಿಲ್ಲಲೇ ಇಲ್ಲ. ದೇವರು ಕೊಟ್ಟ, ದೇವರು ಕರೆದುಕೊಂಡ ಅಂದರು. ಸಂಬಂಧದಿಂದಲೇ ಹಾಗಾಯಿತು ಅಂತ ನಾನು ಹೇಳಲಾರೆ. ಇಂಥ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ. ಆದರೆ ಯಾರೂ ಕೇಳಲೇ ಇಲ್ಲ. ಕೇಳಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ. ಅದು ನನ್ನ ಸಂಕಟ.

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೆನಪಾಯಿತು. ಸುಮಾರು ಕ್ರಿ.ಶ. 950ರದು. ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದಾಗ ಅವನ ಕಡೆಯ ವೀರ ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಹೆಸರು ಕೆತ್ತಿ, ಪೂಜೆಗೂ ವ್ಯವಸ್ಥೆ ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಈ ಕತೆಯನ್ನು ಹಿಂದೆ ನೆರೆಯಾಕೆಗೆ ಹೆಮ್ಮೆಯಿಂದ ಹೇಳಿದ್ದೆ. ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ನೆಲ ನಮ್ಮದು. ನನ್ನ ತಮ್ಮನ ಹೆಸರು ಒಂದು ಚೀಟಿಯಲ್ಲೂ ಇಲ್ಲ.

ಇದನ್ನೆಲ್ಲ ಈಗ ಬರೆಯಲು ಇನ್ನೊಂದು ಕಾರಣ ಇದೆ. ಯುಗಾದಿ ಹೊತ್ತಿಗೆ ಅಣ್ಣನ ಮಗಳಿಗೆ ಸಂಬಂಧದಲ್ಲೇ ಗಂಡು ಮಾತಾಡಿದ್ದಾರೆ. ನಾನು ಬೇಡ ಅನ್ನಲಿಲ್ಲ. ಮಾತು ಮುಗಿಸುವ ಮುಂಚೆ ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿ, ವಂಶದ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಒಂದು ಸಲ ಕೂತು ಮಾತಾಡಿ ಅಂತಷ್ಟೇ ಕೇಳಿಕೊಂಡೆ. "ಅಲ್ಲಿ ಹೋಗಿ ದೊಡ್ಡೋಳಾದೆ" ಅಂದ ಅಣ್ಣ.

ಭಾನುವಾರ ಮಗಳ ಗೆರೆಗಳ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅದರಲ್ಲಿ ನನ್ನ ಪಕ್ಕ ಅವಳು ಒಂದು ಖಾಲಿ ಚೌಕ ಬಿಟ್ಟಿದ್ದಳು. ಮಾಮನ ಹೆಸರು ಏನು ಅಂತ ಕೇಳಿದ್ದಳು, ನನಗೆ ಹೇಳಲು ಬಂದಿರಲಿಲ್ಲ. ಮನೆಯಲ್ಲಿ ಎಲ್ಲರೂ ಪಾಪು ಅನ್ನುತ್ತಿದ್ದರು.

ಬುಧವಾರ ಅಣ್ಣನ ಫೋನಿನಿಂದ ವಾಯ್ಸ್ ಮೆಸೇಜ್ ಬಂತು. ದನಿ ಅಣ್ಣನದಲ್ಲ, ಅವ್ವನದು.

"ಅದ್ಯಾಕೆ ಖಾಲಿ ಬಿಟ್ಟದೆ ಮಗ? ನಾಮಕರಣ ಮಾಡಿದ್ವಿ ಕಣೇ ಅವನಿಗೆ." ಆಮೇಲೆ ಹೆಸರು ಹೇಳಿದಳು. ಮಗುವಿಗೆ ಸರಿಯಾಗಿ ಬರೆಯಲು ಬರಲಿ ಅಂತ ಇನ್ನೊಂದು ಸಲ, ಬಿಡಿಸಿ ಬಿಡಿಸಿ ಹೇಳಿದಳು.