ಹಳೆಯ ರ‍್ಯಾಮನ್ನು ಮತ್ತೆ ಹಾಕಿ ನೋಡಿ

ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ನಮ್ಮಂಥವರಿಗೆ ಪರದೆ, ಕೀಬೋರ್ಡ್, ಮದರ್‌ಬೋರ್ಡ್ ಮೊದಲಾದ ಬಿಡಿಭಾಗಗಳು ಬಹುಪಾಲು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತವೆ. ಇಂದು ಫೋನ್ ಮಾಡಿದರೆ ಬೇಗನೆಂದರೆ ನಾಳೆ ಬೆಳಿಗ್ಗೆ ಕೈಸೇರುತ್ತದೆ. ತರಿಸಿಕೊಂಡ ಮೇಲೆ ಅದು ಬೇಕಾಗಿರಲಿಲ್ಲವೆಂದು ತಿಳಿದರೆ ವಾಪಸು ತೆಗೆದುಕೊಳ್ಳುವ ವ್ಯಾಪಾರಿಗಳು ಕಡಿಮೆ. ಆದ್ದರಿಂದ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋಗುವ ಪದ್ಧತಿ ನಮಗೆ ಗಿಟ್ಟುವುದಿಲ್ಲ, ಗಿರಾಕಿಗಂತೂ ಗಿಟ್ಟುವುದೇ ಇಲ್ಲ. ಕೆಲಸ ಕಲಿಯಲು ಬರುವ ಹುಡುಗರಿಗೆ ಸ್ಕ್ರೂಡ್ರೈವರ್ ಕೊಡುವ ಮೊದಲೇ ನಾನು ಒಂದು ನಿಯಮ ಹೇಳುತ್ತೇನೆ: ಒಂದು ಭಾಗ ಕೆಟ್ಟಿದೆ ಎನ್ನಬೇಕಾದರೆ ಅದನ್ನು ತೆಗೆದಾಗ ದೋಷ ಹೋಗಬೇಕು, ಅದನ್ನೇ ಮತ್ತೆ ಹಾಕಿದಾಗ ದೋಷ ಮರಳಿ ಬರಬೇಕು. ಈ ಎರಡನೆಯ ಅರ್ಧವನ್ನು ಮಾಡಿ ನೋಡದೆ ಬಿಲ್ಲು ಬರೆಯುವಂತಿಲ್ಲ.

ಈ ನಿಯಮ ಏಕೆ ಬೇಕೆಂಬುದು ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ವಿಷಯದಲ್ಲಿ ಬೇಗ ಅರ್ಥವಾಗುತ್ತದೆ. ಪವರ್ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ನಮ್ಮ ಕಡೆ ಇದನ್ನು ‘ನೋ ಡಿಸ್‌ಪ್ಲೇ’ ಎನ್ನುತ್ತಾರೆ. ಕಂಪನಿಗೊಂದು ಬಗೆಯಲ್ಲಿ ಪವರ್ ದೀಪವೋ ಕ್ಯಾಪ್ಸ್ ಲಾಕ್ ದೀಪವೋ ಲೆಕ್ಕವಿಟ್ಟು ಮಿನುಗಿ ಮೆಮೊರಿಯ ಕಡೆ ಬೆರಳು ತೋರಿಸುವುದೂ ಉಂಟು. ಹೊಸ ರ‍್ಯಾಮ್ ಹಾಕಿದ ಕೂಡಲೇ ಡಿಸ್‌ಪ್ಲೇ ಬಂದರೆ ಹಳೆಯದು ಸತ್ತಿದೆ ಎಂಬ ತೀರ್ಮಾನ ತಾನಾಗಿಯೇ ಬಾಯಿಗೆ ಬರುತ್ತದೆ. ಆದರೆ ಅಲ್ಲಿ ನಡೆದಿರುವುದು ಎರಡು ಬದಲಾವಣೆಗಳು: ರ‍್ಯಾಮ್ ಬದಲಾಗಿದೆ, ಜೊತೆಗೆ ತೆಗೆದು ಹಾಕುವ ಉಜ್ಜಾಟದಲ್ಲಿ ಸ್ಲಾಟಿನ ಪಿನ್ನುಗಳೂ ಶುಚಿಯಾಗಿವೆ. ಡಿಡಿಆರ್4 ಪೀಳಿಗೆಯ ಲ್ಯಾಪ್‌ಟಾಪ್ ರ‍್ಯಾಮಿನ ಅಂಚಿನಲ್ಲಿ 260 ಸಂಪರ್ಕಗಳಿರುತ್ತವೆ. ಅವುಗಳಲ್ಲಿ ಒಂದರ ಮೇಲೆ ತೆಳುವಾದ ಕಿಲುಬು ಕಟ್ಟಿದರೂ ಯಂತ್ರ ಏಳದಿರಬಹುದು, ಮತ್ತು ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪಿನಲ್ಲಿ ಹಾಗೆ ಕಿಲುಬು ಕಟ್ಟುವುದು ವಿಶೇಷವೇನಲ್ಲ. ಆದ್ದರಿಂದ ಹಳೆಯ ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಅದೇ ಸ್ಲಾಟಿಗೆ ಮತ್ತೆ ಹಾಕುತ್ತೇವೆ. ಎಷ್ಟೋ ಸಲ ಡಿಸ್‌ಪ್ಲೇ ಬರುತ್ತದೆ. ಆಗ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಿಸುವ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡುತ್ತೇವೆ. ಬೆಳಿಗ್ಗೆ ಒಂದೂ ತಪ್ಪು ಕಾಣದಿದ್ದರೆ ಗಿರಾಕಿಗೆ ಹೊಸ ರ‍್ಯಾಮಿನ ಖರ್ಚು ಇಲ್ಲ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ದೋಷ ಬಂದು ಇನ್ನೊಂದರಲ್ಲಿ ಬಾರದಿದ್ದರೆ ದೋಷವಿರುವುದು ಬೋರ್ಡಿನಲ್ಲಿ. ಒಂದು ಎಚ್ಚರಿಕೆ: ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಒಳಗೇ ಇರುವುದರಿಂದ ಚಾರ್ಜರ್ ತೆಗೆದರಷ್ಟೇ ಸಾಲದು, ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿದ ಮೇಲೆಯೇ ರ‍್ಯಾಮನ್ನು ಮುಟ್ಟಬೇಕು. ಈ ಅರ್ಧ ನಿಮಿಷದ ಒತ್ತುವಿಕೆಯಿಂದಲೇ ಎದ್ದು ಕುಳಿತ ಯಂತ್ರಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಬಿಚ್ಚುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳ ತೂಕವೂ ಕಡಿಮೆಯಲ್ಲ. ದೋಷ ಯಾವಾಗ ಬರುತ್ತದೆ ಎಂಬುದಕ್ಕಿಂತ ಯಾವಾಗ ಬರುವುದಿಲ್ಲ ಎಂಬುದನ್ನು ನಾನು ಹೆಚ್ಚು ವಿಚಾರಿಸುತ್ತೇನೆ, ಏಕೆಂದರೆ ದೋಷವಿಲ್ಲದ ಗಳಿಗೆಯಲ್ಲಿ ಏನು ಬೇರೆಯಾಗಿತ್ತು ಎಂಬುದೇ ಹುಡುಕಾಟದ ಜಾಗವನ್ನು ಕಿರಿದಾಗಿಸುತ್ತದೆ. ಸಾಗರದ ಕಡೆಯ ಶಿಕ್ಷಕಿಯೊಬ್ಬರು ಟಚ್‌ಪ್ಯಾಡ್ ಬದಲಿಸಬೇಕೆಂದು ಲ್ಯಾಪ್‌ಟಾಪ್ ತಂದಿದ್ದರು. ಮೌಸಿನ ಬಾಣ ತಾನಾಗಿಯೇ ಹಾರುತ್ತದೆ, ಬೇಡದ ಕಡೆ ಕ್ಲಿಕ್ ಆಗುತ್ತದೆ ಎಂಬುದು ಅವರ ದೂರು. ನಮ್ಮ ಮೇಜಿನ ಮೇಲೆ ಅದು ಒಂದು ಸಲವೂ ಹಾರಲಿಲ್ಲ. ‘ಚಾರ್ಜರ್ ಹಾಕಿದಾಗ ಮಾತ್ರ ಹೀಗಾಗುತ್ತದೆಯೇ ಮೇಡಂ?’ ಎಂದು ಕೇಳಿದ್ದಕ್ಕೆ, ‘ಹೌದು ಸರ್, ಆಗ ಅಂಗೈ ಇಟ್ಟ ಕಡೆ ಜುಮ್ ಅನ್ನುತ್ತದೆ’ ಎಂದರು. ಅಲ್ಲಿಗೆ ಟಚ್‌ಪ್ಯಾಡಿನ ಮಾತು ಮುಗಿಯಿತು. ಅಡಾಪ್ಟರಿನೊಳಗೆ ರೇಡಿಯೊ ಗದ್ದಲವನ್ನು ತಡೆಯಲು ಹಾಕಿರುವ ಒಂದು ಸಣ್ಣ ಕೆಪಾಸಿಟರ್ ಮೂಲಕ ಮನೆಯ ಕರೆಂಟಿನ ಅತಿ ಸಣ್ಣ ಅಂಶ ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತಿರುತ್ತದೆ; ಪ್ಲಗ್ಗಿನ ಮೂರನೆಯ ಪಿನ್ನು ನಿಜವಾದ ಅರ್ಥಿಂಗಿಗೆ ಸೇರಿದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ, ಇಲ್ಲದಿದ್ದರೆ ಮೈಯಲ್ಲೇ ನಿಂತು ಬೆರಳಿನ ವಿದ್ಯುತ್ ಗುಣವನ್ನು ಅಳೆದು ಕೆಲಸ ಮಾಡುವ ಟಚ್‌ಪ್ಯಾಡನ್ನು ದಾರಿ ತಪ್ಪಿಸುತ್ತದೆ. ಮೂರು ತೂತುಗಳ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದಲ್ಲ, ಹಳೆಯ ಮನೆಗಳಲ್ಲಿ ಮೇಲಿನ ದೊಡ್ಡ ತೂತಿಗೆ ತಂತಿಯನ್ನೇ ಎಳೆದಿರುವುದಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿದರೆ ಫೇಸಿಗೂ ಅರ್ಥಿಂಗಿಗೂ ನಡುವೆ ಹೆಚ್ಚುಕಡಿಮೆ 230 ವೋಲ್ಟ್ ತೋರಬೇಕು. ಅದಕ್ಕಿಂತ ತೀರ ಕಡಿಮೆ ತೋರಿದರೆ ಅಥವಾ ಅಂಕಿ ಸುಮ್ಮನೆ ಅಲೆದಾಡಿದರೆ ಅರ್ಥಿಂಗ್ ಹೆಸರಿಗೆ ಮಾತ್ರ ಇದೆ. ಅವರ ಮನೆಯಲ್ಲಿಯೂ ಹಾಗೆಯೇ ಇತ್ತು. ಟಚ್‌ಪ್ಯಾಡ್ ಬದಲಿಸಿದ್ದರೆ ಹೊಸದೂ ಮೊದಲ ದಿನದಿಂದಲೇ ಹಾರುತ್ತಿತ್ತು.

ಅಡಾಪ್ಟರ್ ವಿಷಯದಲ್ಲಿ ಇನ್ನೊಂದು ಮಾತು. ಕೆಲವು ಕಂಪನಿಗಳ ದುಂಡು ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ಪಿನ್ನು ಇರುತ್ತದೆ. ಅಡಾಪ್ಟರ್ ಎಷ್ಟು ವ್ಯಾಟ್‌ನದೆಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದೇ. ಅದು ಬಾಗಿದರೆ ಅಥವಾ ಒಳಗಿನ ಎಳೆ ತುಂಡಾದರೆ ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ‘ಸಿಕ್ಕಾಪಟ್ಟೆ ಸ್ಲೋ ಆಗಿದೆ, ವಿಂಡೋಸ್ ಹೊಸದಾಗಿ ಹಾಕಿಕೊಡಿ’ ಎಂದು ಬಂದ ಯಂತ್ರಕ್ಕೆ ಮೊದಲು ಒಳ್ಳೆಯ ಅಡಾಪ್ಟರ್ ಚುಚ್ಚಿ ನೋಡುವ ಅಭ್ಯಾಸ ನಮಗೆ ಬಂದದ್ದು ಇದರಿಂದಲೇ. ಟೈಪ್-ಸಿ ಚಾರ್ಜಿಂಗ್ ಇರುವ ಯಂತ್ರಗಳಿಗೆ ಸಣ್ಣ ಯುಎಸ್‌ಬಿ ಮೀಟರೊಂದನ್ನು ನಡುವೆ ಸೇರಿಸಿದರೆ ಸಾಕು. ಆರಂಭದಲ್ಲಿ 5 ವೋಲ್ಟ್ ಇರುವುದು, ಚಾರ್ಜರಿಗೂ ಲ್ಯಾಪ್‌ಟಾಪಿಗೂ ಮಾತುಕತೆ ಕುದುರಿದ ಮೇಲೆ ಸಾಮಾನ್ಯವಾಗಿ 20 ವೋಲ್ಟಿಗೆ ಏರುತ್ತದೆ. 5ರಲ್ಲೇ ನಿಂತರೆ ಕೇಬಲ್, ಚಾರ್ಜರ್, ಪೋರ್ಟ್, ಕೊನೆಗೆ ಬೋರ್ಡು ಎಂಬ ಕ್ರಮದಲ್ಲಿ ಒಂದೊಂದನ್ನೇ ಬದಲಿಸಿ ನೋಡಬೇಕು. ಒಟ್ಟಿಗೆ ಎರಡನ್ನು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಯಾರಿಗೂ ಹೇಳಲಾಗದು.

ಪೂರ್ತಿ ಸತ್ತ ಯಂತ್ರ ಬಂದಾಗ ನಾನು ಅಡಾಪ್ಟರನ್ನು ಬದಿಗಿಟ್ಟು ವೋಲ್ಟೇಜನ್ನೂ ಕರೆಂಟಿನ ಮಿತಿಯನ್ನೂ ಬೇಕಾದಂತೆ ಇಟ್ಟುಕೊಳ್ಳಬಹುದಾದ ಡಿಸಿ ಪವರ್ ಸಪ್ಲೈಯನ್ನು 19 ವೋಲ್ಟಿಗೆ ಇಟ್ಟು ಕೊಡುತ್ತೇನೆ, ಬ್ಯಾಟರಿಯನ್ನು ಬಿಡಿಸಿರುತ್ತೇನೆ, ಆಮೇಲೆ ಆಂಪಿಯರ್ ಅಂಕಿಯನ್ನೇ ನೋಡುತ್ತ ಕೂರುತ್ತೇನೆ. ಅಂಕಿ ಸೊನ್ನೆಯಲ್ಲೇ ನಿಂತರೆ ಕರೆಂಟು ಬೋರ್ಡಿನೊಳಗೆ ಹೋಗುತ್ತಲೇ ಇಲ್ಲ; ಡಿಸಿ ಜಾಕ್, ಅದರ ತಂತಿ, ಫ್ಯೂಸ್, ಕರೆಂಟನ್ನು ಒಳಬಿಡುವ ಸ್ವಿಚ್ಚಿನಂತೆ ಬಾಗಿಲಲ್ಲಿ ಕೂತಿರುವ ಮೊದಲ ಮಾಸ್‌ಫೆಟ್‌ಗಳು ಇಷ್ಟರಲ್ಲೇ ಹುಡುಕಬೇಕು. ಬಟನ್ ಒತ್ತುವ ಮೊದಲು ಆಂಪಿಯರಿನ ನೂರನೆಯ ಒಂದೆರಡು ಪಾಲು ತೋರಿದರೆ ಸ್ಟ್ಯಾಂಡ್‌ಬೈ ಭಾಗ, ಅಂದರೆ ಬಟನ್ ಒತ್ತುವುದಕ್ಕಾಗಿ ಕಾದಿರುವ ಭಾಗ, ಜೀವಂತವಾಗಿದೆ ಎಂದು ಸಾಮಾನ್ಯವಾಗಿ ಹೇಳಬಹುದು. ಬಟನ್ ಒತ್ತಿದಾಗ ಅಂಕಿ ಸ್ವಲ್ಪ ಏರಿ ಕೆಲವೇ ಕ್ಷಣಗಳಲ್ಲಿ ಇಳಿದು ಮತ್ತೆ ಏರುತ್ತಿದ್ದರೆ ಬೋರ್ಡು ಏಳಲು ಯತ್ನಿಸಿ ಯಾವುದೋ ಹಂತದಲ್ಲಿ ಬೀಳುತ್ತಿದೆ, ಆಗ ರ‍್ಯಾಮ್, ಬಯೋಸ್ (ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶ), ಪ್ರೊಸೆಸರ್ ಸಪ್ಲೈಗಳ ಕಡೆ ನೋಡಬೇಕು. ಸಪ್ಲೈ ಕೊಟ್ಟೊಡನೆ ಅಂಕಿ ಮಿತಿಗೆ ಬಡಿದು ವೋಲ್ಟೇಜ್ ಕುಸಿದರೆ ಮುಖ್ಯ ಲೈನಿನಲ್ಲೇ ಶಾರ್ಟ್ ಇದೆ, ಅಂದರೆ ಕರೆಂಟು ಅಡ್ಡದಾರಿಯಲ್ಲಿ ನೇರ ಗ್ರೌಂಡಿಗೆ ಹರಿಯುತ್ತಿದೆ. ಇಂಥ ಬೋರ್ಡಿಗೆ ಒಳ್ಳೆಯ ಅಡಾಪ್ಟರ್ ಚುಚ್ಚಿದ ತಕ್ಷಣ ಅಡಾಪ್ಟರಿನ ದೀಪವೇ ಆರುತ್ತದೆ. ಮನೆಯಲ್ಲಿ ಬೇರೆ ಉಪಕರಣವಿಲ್ಲದೆ ಗುರುತಿಸಬಹುದಾದ ಲಕ್ಷಣವಿದು.

ಶಾರ್ಟ್ ಆದ ಲೈನಿನಲ್ಲಿ ಮಲ್ಟಿಮೀಟರ್ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಆ ಲೈನಿಗೆ ಸೇರಿದ ಹತ್ತಾರು ಸೆರಾಮಿಕ್ ಕೆಪಾಸಿಟರ್‌ಗಳು ಒಂದಕ್ಕೊಂದು ಸಮಾಂತರವಾಗಿರುವುದರಿಂದ ಯಾವುದರ ಮೇಲೆ ಮೀಟರಿನ ಕಡ್ಡಿ ಇಟ್ಟರೂ ಅದು ಶಾರ್ಟ್ ಇದೆಯೆಂದು ಒಂದೇ ಸಮನೆ ಕೂಗುತ್ತದೆ, ನಿಜವಾಗಿ ಕೆಟ್ಟಿರುವುದು ಒಂದೇ ಆಗಿದ್ದರೂ ಎಲ್ಲವೂ ಕೆಟ್ಟಂತೆಯೇ ಕಾಣುತ್ತವೆ. ಆಗ ಪವರ್ ಸಪ್ಲೈಯನ್ನು 1 ವೋಲ್ಟಿಗೆ ಇಳಿಸಿ, ಕರೆಂಟಿಗೆ ಮಿತಿ ಹಾಕಿ ನೇರವಾಗಿ ಆ ಲೈನಿಗೆ ಕೊಟ್ಟು, ಅನುಮಾನವಿರುವ ಕಡೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಳ್ಳಗೆ ಹರಡುತ್ತೇವೆ. ಬೋರ್ಡೆಲ್ಲ ಒದ್ದೆಯಾಗಿ ಹೊಳೆಯುತ್ತಿರುವಾಗ ಎಳ್ಳುಕಾಳಿನಷ್ಟು ಕೆಪಾಸಿಟರೊಂದರ ಸುತ್ತ ಮಾತ್ರ ದ್ರವ ಹಿಂದೆ ಸರಿದು, ಅದರ ತಲೆ ಒಣಗಿ ಮಂಕಾಗುತ್ತದೆ. ಕರೆಂಟೆಲ್ಲ ಅದರ ಮೂಲಕ ಹರಿದು ಅದು ಕಾದಿರುತ್ತದೆ. ವೋಲ್ಟೇಜನ್ನು 1ಕ್ಕಿಂತ ಮೇಲೆ ಏರಿಸಲು ಹುಡುಗರು ಆತುರಪಡುತ್ತಾರೆ, ನಾನು ಬಿಡುವುದಿಲ್ಲ. ಶಾರ್ಟ್ ಆಗಿರುವುದು ಕೆಪಾಸಿಟರ್ ಆಗಿರದೆ ಪ್ರೊಸೆಸರಿಗೆ ಕರೆಂಟು ಕೊಡುವ ಮಾಸ್‌ಫೆಟ್ ಆಗಿದ್ದರೆ ಏರಿಸಿದ ವೋಲ್ಟೇಜು ನೆಟ್ಟಗೆ ಪ್ರೊಸೆಸರಿಗೆ ಹೋಗುತ್ತದೆ. ಆ ಕೆಪಾಸಿಟರನ್ನು ಹಾಟ್ ಏರ್‌ನಿಂದ ಎತ್ತಿದ ಮೇಲೆ ಲೈನಿನಲ್ಲಿ ಮೀಟರ್ ಕೂಗುವುದು ನಿಂತಿರಬೇಕು, ಎತ್ತಿದ ಕೆಪಾಸಿಟರ್ ಮೇಲೆ ಕಡ್ಡಿ ಇಟ್ಟರೆ ಮೀಟರ್ ಕೂಗಬೇಕು. ಎರಡೂ ಆದರೆ ಮೊದಲು ಹೇಳಿದ ನಿಯಮ ಇಲ್ಲಿಯೂ ಪೂರ್ತಿಯಾಯಿತು. ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಬೇರೆ ಕಡೆ ಹೇಳಿಸಿಕೊಂಡು ಬಂದ ಯಂತ್ರಗಳಲ್ಲಿ ಕೆಲವು ಇಷ್ಟರಲ್ಲೇ ಮುಗಿಯುತ್ತವೆ.

ಪರದೆಯ ದೋಷ ಇಷ್ಟು ಗಡುಸಲ್ಲ. ಎಚ್‌ಡಿಎಂಐ ಮೂಲಕ ಹೊರಗಿನ ಟಿವಿಗೆ ಜೋಡಿಸಿ ನೋಡಬೇಕು. ಅಲ್ಲಿ ಚಿತ್ರ ಚೆನ್ನಾಗಿ ಬಂದರೆ ಗ್ರಾಫಿಕ್ಸ್ ಭಾಗದ ಚಿಂತೆ ಬಹುಮಟ್ಟಿಗೆ ಬಿಡಬಹುದು. ಕಪ್ಪು ಪರದೆಗೆ ಓರೆಯಾಗಿ ಟಾರ್ಚ್ ಹಿಡಿದಾಗ ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ ಮಾತ್ರ ಹೋಗಿದೆ. ಮುಚ್ಚಳದ ಕೋನ ಬದಲಿಸಿದಾಗ ಗೆರೆ ಬಂದು ಹೋಗುತ್ತಿದ್ದರೆ ಪ್ಯಾನೆಲ್‌ಗಿಂತ ಮೊದಲು ಹಿಂಜಿನೊಳಗೆ ಸುತ್ತಿಕೊಂಡು ಹೋಗುವ ಡಿಸ್‌ಪ್ಲೇ ಕೇಬಲ್ಲನ್ನು ಅನುಮಾನಿಸಬೇಕು, ಪ್ಯಾನೆಲಿನ ಬೆಲೆಯ ಮುಂದೆ ಅದರದು ಏನೂ ಅಲ್ಲ. ಇನ್ನೊಂದು ವಿಚಿತ್ರ: ಮುಚ್ಚಳ ಮುಚ್ಚಿದೆಯೋ ಇಲ್ಲವೋ ಎಂದು ಲ್ಯಾಪ್‌ಟಾಪ್ ಅಯಸ್ಕಾಂತದಿಂದ ತಿಳಿಯುತ್ತದೆ. ಒಂದರ ಮೇಲೊಂದು ಲ್ಯಾಪ್‌ಟಾಪ್ ಇಟ್ಟು ಮೇಲಿನದನ್ನು ಬಳಸಿದರೆ ಕೆಳಗಿನದರ ಮುಚ್ಚಳದ ಅಯಸ್ಕಾಂತ ಮೇಲಿನದನ್ನು ನಿದ್ರೆಗೆ ಕಳಿಸಬಲ್ಲದು. ರಿಪೇರಿ ಅಂಗಡಿಯ ಇಕ್ಕಟ್ಟಿನ ಮೇಜಿನಲ್ಲೇ ಹುಟ್ಟಬಹುದಾದ ದೋಷವಿದು.

ಡಿಸ್ಕಿನ ವಿಷಯದಲ್ಲಿ ಕ್ರಮವೇ ಬೇರೆ, ಏಕೆಂದರೆ ಅಲ್ಲಿ ಯಂತ್ರಕ್ಕಿಂತ ಒಳಗಿರುವ ಫೈಲುಗಳ ಬೆಲೆ ಹೆಚ್ಚು. ಅಡಿಕೆ ಮಂಡಿಯ ಲೆಕ್ಕವೋ ಮಕ್ಕಳ ಫೋಟೋಗಳೋ ಇರುವ ಹಾರ್ಡ್ ಡಿಸ್ಕ್ ತಡವರಿಸುತ್ತಿದ್ದರೆ ಮೊದಲು ನಕಲು, ಆಮೇಲೆ ಪರೀಕ್ಷೆ. ದುರಸ್ತಿ ಮಾಡುತ್ತೇವೆಂದು ವಿಂಡೋಸಿನ ಡಿಸ್ಕ್ ಚೆಕ್ ಓಡಿಸಿದರೆ ಸಾಯುತ್ತಿರುವ ಡಿಸ್ಕಿಗೆ ಕೊನೆಯ ಕೆಲಸ ಅದೇ ಆಗಬಹುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಅಂಕಿಗಳಲ್ಲಿ 5 ಮತ್ತು 197ನೆಯವು ಏರುತ್ತಿದ್ದರೆ ಡಿಸ್ಕಿನ ಮೈ ಹಾಳಾಗುತ್ತಿದೆ. 199 ಮಾತ್ರ ಏರುತ್ತಿದ್ದರೆ ಬಹುತೇಕ ಕೇಬಲ್ಲೋ ಕನೆಕ್ಟರೋ ಸರಿಯಿಲ್ಲ, ಡಿಸ್ಕ್ ಬದಲಿಸಿ ಪ್ರಯೋಜನವಿಲ್ಲ. ವಿಂಡೋಸ್‌ನಲ್ಲಿ ಬರುವ ತೊಂದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿದಾಗಲೂ ಬಂದರೆ ಹಾರ್ಡ್‌ವೇರ್ ಕಡೆ ಹೊರಳಬೇಕು ಎಂಬುದು ಇಲ್ಲಿಯೂ ಬೇರೆಡೆಯೂ ಅನ್ವಯಿಸುವ ಮಾತು.

ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ ಎಂದು ಬಂದ ಯಂತ್ರವನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿ. ಅದು ತೊನೆದರೆ ಬಹಳ ಸಲ ಕೆಳಗಿರುವ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಅಡಿಯಿಂದ ಒತ್ತುತ್ತಿರುತ್ತದೆ. ಅಂಥದ್ದನ್ನು ಚಾರ್ಜಿಗೆ ಹಾಕಬಾರದು, ಚೂಪಾದ ಉಪಕರಣದಿಂದ ಮೀಟಬಾರದು. ಇದೊಂದು ಸಂದರ್ಭದಲ್ಲಿ ಮಾತ್ರ ಹಳೆಯದನ್ನು ಮತ್ತೆ ಹಾಕಿ ನೋಡುವ ನಿಯಮಕ್ಕೆ ವಿನಾಯಿತಿ.

ಕೊನೆಗೆ ಉಳಿಯುವುದು ಅಂಗಡಿಯಲ್ಲಿ ಕಾಣಿಸಿಕೊಳ್ಳದ ದೋಷ. ಎರಡು ದಿನ ಇಟ್ಟುಕೊಂಡು, ಬಿಸಿ ಮಾಡಿ, ಮುಚ್ಚಳ ಅಲ್ಲಾಡಿಸಿ ನೋಡಿದರೂ ಬಾರದಿದ್ದರೆ ಯಾವ ಭಾಗವನ್ನೂ ಬದಲಿಸದೆ ಹಿಂದಿರುಗಿಸುತ್ತೇನೆ. ಕೆಲವರಿಗೆ ಇದು ಹಿಡಿಸುವುದಿಲ್ಲ, ಏನಾದರೂ ಹಾಕಿ ಕೊಡಿ ಎನ್ನುತ್ತಾರೆ. ಮನೆಯಲ್ಲಿ ಮತ್ತೆ ಬಂದಾಗ ಆಫ್ ಮಾಡದೆ ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಲು ಹೇಳುತ್ತೇನೆ. ಅದರಲ್ಲಿ ಚಾರ್ಜರಿನ ದೀಪ ಕಾಣಬೇಕು, ಫ್ಯಾನಿನ ಸದ್ದು ಕೇಳಬೇಕು, ಕ್ಯಾಪ್ಸ್ ಲಾಕ್ ಬಟನ್ನನ್ನು ನಾಲ್ಕೈದು ಸಲ ಒತ್ತಿ ತೋರಿಸಬೇಕು. ಒತ್ತಿದಂತೆ ಆ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಕಪ್ಪು ಪರದೆಯ ಹಿಂದೆ ಯಂತ್ರ ಓಡುತ್ತಲೇ ಇದೆ, ಹುಡುಕಬೇಕಾದದ್ದು ಡಿಸ್‌ಪ್ಲೇ ಕೇಬಲ್ ಮತ್ತು ಪ್ಯಾನೆಲ್‌ನಲ್ಲಿ. ದೀಪ ಕದಲದಿದ್ದರೆ ಯಂತ್ರವೇ ನಿಂತುಹೋಗಿದೆ, ಆಗ ರ‍್ಯಾಮಿನಿಂದ ಶುರುಮಾಡುತ್ತೇವೆ.